ಬಾಖ್‌ನ ಎರಡು ಫ್ಲೂಟ್ ಸೊನಾಟಾ: ಮೊದಲು ಯಾವುದು?

ಫ್ಲೂಟ್ ಮತ್ತು ಕಂಟಿನ್ಯುಓಗೆ (ಚೆಲ್ಲೋ, ಹಾರ್ಪ್ಸಿಕಾರ್ಡ್‌ನಂಥ ವಾದ್ಯಗಳು ನುಡಿಸುವ ಬಾಸ್ ಪಕ್ಕವಾದ್ಯ) ಬಾಖ್ ಬರೆದ ಇ ಮೈನರ್, ಇ ಮೇಜರ್ ಸೊನಾಟಾಗಳಲ್ಲಿ ಮೊದಲು ಯಾವುದನ್ನು ಕಲಿಯಬೇಕು? ಬಾಖ್ ಕೃತಿಗಳ ಬಿಡಬ್ಲ್ಯೂವಿ ಪಟ್ಟಿಯಲ್ಲಿ ಇವುಗಳ ಸಂಖ್ಯೆ 1034 ಮತ್ತು 1035.

ಉಸಿರು ಗಟ್ಟಿಯಿದ್ದರೆ ಇ ಮೈನರ್ ಹಿಡಿಯಿರಿ. ಅದರ ಮೊದಲ ಅಲೆಗ್ರೋದಲ್ಲಿ (ವೇಗದ ಭಾಗ) ಸ್ವರಗಳು ಸಾಲುಸಾಲಾಗಿ ಓಡುತ್ತವೆ. ಉಸಿರೆಳೆಯಲು ಜಾಗವೇ ಸಿಗುವುದಿಲ್ಲ ಅನ್ನಿಸುತ್ತದೆ. ಎಲ್ಲಿ ಉಸಿರಾಡಬೇಕು ಅಂತ ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಜಿ ಮೇಜರ್‌ನ ಅಂಡಾಂಟೆ (ನಡಿಗೆಯ ಗತಿಯ ಭಾಗ) ಬರುತ್ತದೆ. ಕೆಳಗೆ ಬಾಸ್ ಸಮನಾಗಿ ನಡೆಯುತ್ತದೆ, ಮೇಲೆ ಫ್ಲೂಟ್ ನಿಧಾನವಾಗಿ ಹಾಡುತ್ತದೆ. ಎರಡೂ ಸೊನಾಟಾಗಳಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಇ ಮೇಜರ್‌ನದು ನಯವಾದ, ಹಗುರ ಸ್ವಭಾವ. ಪಾಟ್ಸ್‌ಡ್ಯಾಮ್‌ನಲ್ಲಿ ಪ್ರಷ್ಯಾದ ರಾಜ ಫ್ರೆಡರಿಕ್‌ನ ಆಪ್ತ ಸೇವಕ ಫ್ರೆಡರ್ಸ್‌ಡಾರ್ಫ್‌ಗಾಗಿ ಬರೆದದ್ದು ಅಂತ 19ನೇ ಶತಮಾನದ ಪ್ರತಿಯೊಂದರಲ್ಲಿದೆ. ಅದರ ಸಿಸಿಲಿಯಾನೋದಲ್ಲಿ (ತೂಗುವ ಲಯದ ನಿಧಾನ ಭಾಗ) ಫ್ಲೂಟ್ ಹೇಳಿದ್ದನ್ನು ಬಾಸ್ ಬೆನ್ನಿಗೇ ಹೇಳುತ್ತದೆ. ಒಳ್ಳೆಯ ಚೆಲ್ಲೋ ವಾದಕರು ಜೊತೆಗಿದ್ದರೆ ಇದನ್ನೇ ಆರಿಸಿಕೊಳ್ಳಿ, ನಿಜಕ್ಕೂ ಖುಷಿಯಾಗುತ್ತದೆ.

ಈಗಿನ ಫ್ಲೂಟ್‌ನಲ್ಲಿ ಇ ಮೇಜರ್‌ನ 4 ಶಾರ್ಪ್ (ಅರ್ಧ ಸ್ವರ ಏರಿಸಿದ ಸ್ವರಗಳು) ದೊಡ್ಡ ತೊಂದರೆಯಲ್ಲ. ಒಂದೇ ಕೀ (ಬೆರಳಲ್ಲಿ ಒತ್ತುವ ಲೋಹದ ಗುಂಡಿ) ಇರುವ ಮರದ ಬರೋಕ್ ಫ್ಲೂಟ್‌ನಲ್ಲಿ ಮಾತ್ರ ಬೆರಳಿಗೆ ಕೆಲಸ ಜಾಸ್ತಿ. ಅದನ್ನು ನುಡಿಸುವವರು ಇ ಮೈನರ್‌ನಿಂದಲೇ ಶುರು ಮಾಡುವುದು ಒಳ್ಳೆಯದು.