ಲೇಬಲ್ ಮಾಡಿಸುವವರೇ, ನೀವು ಒಪ್ಪಿದ ಫೈಲೇ ಪ್ರೆಸ್ಸಿಗೆ ಹೋಗುತ್ತದೆಂದು ನಂಬಬೇಡಿ

ಮಂಡ್ಯ, ಮೈಸೂರು ಕಡೆ ಬೆಲ್ಲ, ಉಪ್ಪಿನಕಾಯಿ, ಗಾಣದ ಎಣ್ಣೆ, ಸಿರಿಧಾನ್ಯದ ಹಿಟ್ಟು ಹೀಗೆ ಏನನ್ನಾದರೂ ಸ್ವಂತ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರಲು ಹೊರಟವರು ಗ್ರಾಫಿಕ್ ಡಿಸೈನರ್‌ಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಏನು ಬೇಕೆಂದು ಸ್ಪಷ್ಟವಾಗಿ ಬರೆದು ಕೊಟ್ಟರೆ ಕೆಲಸ ಸರಿಯಾಗಿ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಬರೆದೇ ಕೊಟ್ಟಿದ್ದೆ. ಬರೆದು ಕೊಟ್ಟದ್ದನ್ನು ಓದದೆ, ಒಪ್ಪಿಗೆ ಪಡೆದ ಮೇಲೆ ತಮಗೆ ತೋಚಿದಂತೆ ತಿದ್ದಿ, ನನ್ನ ಕಣ್ಣಿಗೆ ಬೀಳದ ಹಾಗೆ ನೇರವಾಗಿ ಪ್ರೆಸ್ಸಿಗೆ ಕಳುಹಿಸಿದ ಡಿಸೈನರ್ ಒಬ್ಬರಿಂದ ನನಗಾದ ನಷ್ಟ ಮತ್ತು ಅವಮಾನ ಇನ್ನೊಬ್ಬರಿಗೆ ಆಗಬಾರದು.

ಮದ್ದೂರಿನ ಕಡೆ ನಮ್ಮದೊಂದು ಸಣ್ಣ ಆಲೆಮನೆ ಇದೆ. ಬೆಲ್ಲದ ಬಣ್ಣ ತಿಳಿಯಾಗಲೆಂದು ಹಲವರು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕ ಪುಡಿಯನ್ನು ನಾವು ಮುಟ್ಟುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ ಬಿಟ್ಟು, ಮೇಲೆ ಬಂದ ಕೊಳೆಯನ್ನು ತೆಗೆಯುತ್ತೇವೆ. ಹಾಗಾಗಿ ನಮ್ಮ ಬೆಲ್ಲ ಕಡುಕಂದು ಬಣ್ಣದ್ದು. ಆದರೆ ನಾವು ಕೊಳ್ಳುವ ಕಬ್ಬಿಗೆ ಯೂರಿಯಾ ಬೀಳುತ್ತದೆ, ಆದ್ದರಿಂದ ಅದು ಸಾವಯವ ಬೆಲ್ಲವಲ್ಲ, ನಾವು ಹಾಗೆ ಹೇಳಿಕೊಂಡವರೂ ಅಲ್ಲ. ಹೈಡ್ರೋಸ್ ಹಾಕದ ಬೆಲ್ಲ ಬೇರೆ, ಸಾವಯವ ಬೆಲ್ಲ ಬೇರೆ. ಅಂಗಡಿಯ ಮೂಲಕ ಸಾವಯವವೆಂದು ಮಾರಬೇಕಾದರೆ 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್ ಎಂಬ ಸರ್ಕಾರಿ ಮಾನ್ಯತೆಯ ಸಾವಯವ ಪ್ರಮಾಣಪತ್ರ ಬೇಕು, ಪೊಟ್ಟಣದ ಮೇಲೆ ಸಾವಯವದ ಅಧಿಕೃತ ಚಿಹ್ನೆ ಬೇಕು. ಈ ಕಾರಣಕ್ಕಾಗಿಯೇ ನಾನು ಕೊಟ್ಟ ಬರಹದಲ್ಲಿ ಎರಡು ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೆ: "ಸಾವಯವ ಎಂಬ ಪದ ಎಲ್ಲಿಯೂ ಬರಬಾರದು" ಮತ್ತು "ಹಳದಿ ಬೆಲ್ಲದ ಚಿತ್ರ ಬೇಡ, ನಾವು ಕಳುಹಿಸಿದ ಫೋಟೋಗಳನ್ನೇ ಬಳಸಬೇಕು".

ಉಳಿದ ವಿವರಗಳಲ್ಲಿಯೂ ಕೊರತೆ ಇರಲಿಲ್ಲ. ಲೇಬಲ್ಲಿನ ಅಗಲ, ಎತ್ತರ, ನಿವ್ವಳ ತೂಕ 500 ಗ್ರಾಂ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು ಮತ್ತು ವರ್ಷಕ್ಕೆ ಖಾಲಿ ಜಾಗ, ನಮ್ಮ ಪೂರ್ಣ ವಿಳಾಸ, ಗ್ರಾಹಕರ ದೂರಿಗೆ ಫೋನ್ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ಹೀಗೆ ಎಲ್ಲವನ್ನೂ ಯೂನಿಕೋಡಿನಲ್ಲಿ ಟೈಪ್ ಮಾಡಿಸಿ ಇಮೇಲ್ ಮಾಡಿದ್ದೆ. ಫೋಟೋಗಳು ವಾಟ್ಸಾಪಿನಲ್ಲಿ ಕುಗ್ಗಿಹೋಗಬಾರದೆಂದು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದ್ದೆ. ಅವರಿಂದ ಬಂದ ಉತ್ತರ ಒಂದು ಹೆಬ್ಬೆರಳಿನ ಚಿತ್ರ ಮತ್ತು ಮುಂಗಡ ಹಾಕಲು ಕ್ಯೂಆರ್ ಕೋಡ್.

ಮೊದಲ ಕರಡು ಬಂದಾಗಲೇ ನನಗೆ ಸಂಶಯ ಬರಲು ಸಾಕಷ್ಟು ಕಾರಣವಿತ್ತು. ಚಿನ್ನದಂತೆ ಹೊಳೆಯುವ ಹಳದಿ ಬೆಲ್ಲದ ಚಿತ್ರವನ್ನು ಇಂಟರ್ನೆಟ್ಟಿನಿಂದ ತೆಗೆದು ಹಾಕಿದ್ದರು; ಅಂದರೆ ನಾವು ಯಾವ ಬೆಲ್ಲ ಮಾಡುವುದಿಲ್ಲವೋ ಅದೇ ಬೆಲ್ಲ ನಮ್ಮ ಲೇಬಲ್ಲಿನ ನಡುವೆ ಕುಳಿತಿತ್ತು. ಒತ್ತಕ್ಷರಗಳೆಲ್ಲ ಒಡೆದು "ಮಂಡ್‌ಯ", "ಉತ್‌ಪನ್‌ನ" ಎಂದಾಗಿದ್ದವು. ಫೋಟೋಶಾಪ್, ಇಲ್ಲಸ್ಟ್ರೇಟರ್‌ಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಕನ್ನಡ ಹೀಗೆ ಒಡೆಯುತ್ತದೆ, ಆಯ್ಕೆ ಬದಲಿಸಿದರೆ ಸರಿಹೋಗುತ್ತದೆ. ಕನ್ನಡದಲ್ಲಿ ಕೆಲಸ ಮಾಡಿಕೊಡುತ್ತೇನೆಂದು ಹಣ ಪಡೆಯುವವರಿಗೆ ಇದು ಗೊತ್ತಿರಬೇಡವೇ? ಕೇಳಿದರೆ, "ನಿಮ್ಮ ಫಾಂಟೇ ಪ್ರಾಬ್ಲಮ್ ಸರ್, ನುಡಿಯಲ್ಲಿ ಟೈಪ್ ಮಾಡಿ ಕೊಡಬೇಕಿತ್ತು" ಎಂದರು. ನುಡಿ ಎಂದರೆ ಕನ್ನಡ ಟೈಪ್ ಮಾಡುವ ಒಂದು ತಂತ್ರಾಂಶ. ಆ ಮಾತನ್ನು ಮುಂಗಡ ತೆಗೆದುಕೊಳ್ಳುವ ದಿನ ಹೇಳಬಹುದಿತ್ತು. ಫೋಟೋ ಬಗ್ಗೆ ಕೇಳಿದ್ದಕ್ಕೆ, "ನಿಮ್ಮ ಬೆಲ್ಲ ತುಂಬ ಡಲ್ ಆಗಿದೆ ಸರ್, ಜನ ತಗೊಳಲ್ಲ" ಎಂಬ ಉತ್ತರ ಬಂತು. ನಮ್ಮ ಬೆಲ್ಲವನ್ನು ಯಾರು ಕೊಳ್ಳುತ್ತಾರೆ ಎಂದು ನಾನು ಅವರನ್ನು ಕೇಳಿರಲಿಲ್ಲ.

ಹೇಳಿ ಹೇಳಿ ಕೊನೆಗೆ ಎಲ್ಲವೂ ಸರಿಯಾದ ಒಂದು ಕರಡು ಬಂತು. ಅದನ್ನು ನಾನು ಅಕ್ಷರ ಅಕ್ಷರವಾಗಿ ಓದಿ, ಮನೆಯವರಿಂದಲೂ ಓದಿಸಿ, "ಇದೇ ಅಂತಿಮ, ಇನ್ನು ಏನನ್ನೂ ಬದಲಿಸಬೇಡಿ" ಎಂದು ಬರೆದು ಒಪ್ಪಿಗೆ ಕೊಟ್ಟೆ. ಆಗ ಅವರು, "ನೀವು ಮಂಡ್ಯದಿಂದ ಯಾಕೆ ಓಡಾಡ್ತೀರ ಸರ್, ಮೈಸೂರಿನ ಅಶೋಕ ರಸ್ತೆ ಕಡೆ ನಮಗೆ ಗೊತ್ತಿರೋ ಪ್ರೆಸ್ ಇದೆ, ನಾನೇ ಫೈಲ್ ಕಳಿಸ್ತೀನಿ" ಎಂದು ಉಪಕಾರ ಮಾಡುವವರಂತೆ ಹೇಳಿದರು. ಈ ವ್ಯವಹಾರದಲ್ಲಿ ಇದು ಹಲವು ಕಡೆ ನಡೆಯುವ ಪದ್ಧತಿ. ಉಳಿದ ಹಣವನ್ನೂ ಅಂದೇ ಹಾಕಿಸಿಕೊಂಡರು.

ಸ್ಟಿಕ್ಕರ್ ಕಟ್ಟುಗಳು ಬಂದವು, ಆಲೆಮನೆಯ ಹೆಂಗಸರು ಕುಳಿತು ಅಂಟಿಸಿದರು, ಮೊದಲ ಪೆಟ್ಟಿಗೆಗಳನ್ನು ಕುವೆಂಪುನಗರದ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದೆ. ಅಂಗಡಿಯವರು ಪೊಟ್ಟಣವನ್ನು ತಿರುಗಿಸಿ ನೋಡಿ, ಗಿರಾಕಿಗಳ ಎದುರಿಗೇ, "ನೂರಕ್ಕೆ ನೂರು ಸಾವಯವ ಅಂತ ಹಾಕಿದ್ದೀರಲ್ಲ, ಸರ್ಟಿಫಿಕೇಟ್ ಎಲ್ಲಿ?" ಎಂದು ಕೇಳಿದರು. ನಾನು ಹಾಗೆ ಹಾಕಿಲ್ಲ ಎಂದೆ. ಅವರು ಬೆರಳಿಟ್ಟು ತೋರಿಸಿದರು. ಹಿಂಬದಿಯಲ್ಲಿ, ನಾನು ಖಾಲಿ ಬಿಡಲು ಹೇಳಿದ್ದ ಜಾಗದ ಮೇಲೆ, ಹಸಿರು ಎಲೆಯೊಂದರೊಳಗೆ "100% ಸಾವಯವ" ಎಂದು ಅಚ್ಚಾಗಿತ್ತು. ಅದರ ಕೆಳಗಿನ ಪರವಾನಗಿ ಸಂಖ್ಯೆಯನ್ನು ಅವರೇ ಎಣಿಸಿದರು, 13 ಅಂಕಿಗಳಿದ್ದವು. ಎಲೆ ಕೂರಿಸಲು ಸಾಲನ್ನು ಕುಗ್ಗಿಸುವಾಗ ಕೊನೆಯ ಅಂಕಿಯನ್ನು ನುಂಗಿಬಿಟ್ಟಿದ್ದರು. ನಾನು ಒಪ್ಪಿದ ಕರಡು ನನ್ನ ಫೋನಿನಲ್ಲಿಯೇ ಇತ್ತು, ಅದನ್ನು ತೆರೆದು ತೋರಿಸಿದೆ. ಆದರೆ ಕಳ್ಳ ಸಿಕ್ಕಿಬಿದ್ದ ಮೇಲೆ ಹೇಳುವ ಕತೆಯನ್ನು ಕೇಳಿಸಿಕೊಳ್ಳುವವರ ಹಾಗೆ ಅವರು ಸುಮ್ಮನೆ ತಲೆಯಾಡಿಸಿದರು. ಸುಳ್ಳು ಲೇಬಲ್ ಹಚ್ಚಿ ಮಾರುವವನು ಎಂಬ ನೋಟ ಅದು. ಇಷ್ಟು ವರ್ಷ ಹೈಡ್ರೋಸ್ ಮುಟ್ಟದೆ ಬೆಲ್ಲ ಕಾಯಿಸಿದ್ದಕ್ಕೆ ಸಿಕ್ಕ ಮರ್ಯಾದೆ.

ಅಂಗಡಿಯ ಹೊರಗೆ ನಿಂತೇ ಡಿಸೈನರ್‌ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಕಂಟೆಂಟ್ ಕಡಿಮೆ ಇತ್ತು ಸರ್, ಬ್ಯಾಕ್ ಸೈಡ್ ಖಾಲಿ ಖಾಲಿ ಕಾಣ್ತಿತ್ತು." ಆ ಜಾಗ ತಯಾರಿಕೆಯ ತಿಂಗಳು ಮತ್ತು ಬ್ಯಾಚ್ ಸಂಖ್ಯೆಯ ಮುದ್ರೆ ಒತ್ತುವುದಕ್ಕೆ ಎಂದು ಬರೆದಿತ್ತಲ್ಲ ಎಂದೆ. "ಅಷ್ಟೆಲ್ಲ ಯಾರ್ ಓದ್ತಾರೆ ಸರ್, ನಾವು ಡಿಸೈನ್ ನೋಡ್ತೀವಿ." ಸಾವಯವ ಎಂಬ ಪದ ಬೇಡವೆಂದು ದಪ್ಪ ಅಕ್ಷರದಲ್ಲಿತ್ತಲ್ಲ ಎಂದೆ. "ಎಲ್ಲ ಬೆಲ್ಲದೋರೂ ಹಾಕ್ತಾರೆ ಸರ್, ಒಂದು ಪದ ತಾನೆ." ಒಪ್ಪಿಗೆಯಾದ ಮೇಲೆ ಮುಟ್ಟಿದ್ದೇಕೆ ಎಂದು ಕೇಳಿದ್ದಕ್ಕೆ, "ಅಪ್ರೂವಲ್ ನೀವೇ ಕೊಟ್ಟಿದ್ದಲ್ವಾ?" ಎಂದು ನನ್ನನ್ನೇ ತಿರುಗಿ ಕೇಳಿದರು. ಈ ಕೊನೆಯ ಮಾತು ಕೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಒಪ್ಪಿದ್ದು ಬೇರೆ ಫೈಲು, ಅಚ್ಚಾಗಿದ್ದು ಬೇರೆ ಫೈಲು, ಒಪ್ಪಿಗೆ ಮಾತ್ರ ಎರಡಕ್ಕೂ ನನ್ನದೇ!

ಪ್ರೆಸ್ಸಿನವರನ್ನು ದೂರಲಾರೆ; ಬಂದ ಫೈಲನ್ನು ಅವರು ಅಚ್ಚು ಹಾಕಿದ್ದಾರೆ, ಅವರ ಕೂಲಿ ಅವರಿಗೆ ಸಂದಿದೆ. ತಿದ್ದಿ ಮತ್ತೆ ಅಚ್ಚು ಹಾಕಿಸೋಣವೆಂದು ಮೂಲ ಫೈಲು ಕೇಳಿದರೆ, ಡಿಸೈನರ್, "ಸೋರ್ಸ್ ಫೈಲ್ ಕೊಡೋ ಮಾತು ಆಗಿರಲಿಲ್ಲ, ಅದಕ್ಕೆ ಚಾರ್ಜ್ ಬೇರೆ" ಎಂದರು. ನನ್ನ ಕೈಯಲ್ಲಿ ಉಳಿದಿರುವುದು ತಿದ್ದಲಾಗದ ಒಂದು ಜೆಪೆಗ್.

ಆದ್ದರಿಂದ ಬರೆದು ಕೊಡುವುದು ಒಳ್ಳೆಯದೇ, ಆದರೆ ಅದನ್ನು ಓದಿದ್ದೇನೆ ಎಂದು ಅವರಿಂದ ಬರೆಸಿಕೊಳ್ಳಿ. ಹೆಬ್ಬೆರಳಿನ ಚಿತ್ರವನ್ನು ಉತ್ತರವೆಂದು ಒಪ್ಪಬೇಡಿ. ಕೊಟ್ಟ ಬರಹದಲ್ಲಿ ಇಲ್ಲದ ಒಂದು ಅಕ್ಷರವೂ ಲೇಬಲ್ಲಿನಲ್ಲಿ ಬರಕೂಡದು, ಬಂದರೆ ಮರುಮುದ್ರಣದ ಖರ್ಚು ಡಿಸೈನರ್ ಅವರದೇ ಎಂಬ ಸಾಲನ್ನು ಮುಂಗಡಕ್ಕೆ ಮೊದಲೇ ಸೇರಿಸಿ. ಕೋರಲ್‌ಡ್ರಾ ಇರಲಿ, ಇಲ್ಲಸ್ಟ್ರೇಟರ್ ಇರಲಿ, ಮೂಲ ಫೈಲು ಮತ್ತು ಅಕ್ಷರಗಳನ್ನು ಕರ್ವ್ ಮಾಡಿದ (ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿಯೂ ಒಡೆಯದಂತೆ ಗೆರೆಗಳಾಗಿ ಬದಲಿಸಿದ) ಪಿಡಿಎಫ್ ಎರಡೂ ಕೈಗೆ ಬಂದ ಮೇಲೆಯೇ ಉಳಿದ ಹಣ ಕೊಡಿ. ಆ ಪಿಡಿಎಫ್ ನಿಮ್ಮ ಕೈಯಿಂದಲೇ ಪ್ರೆಸ್ಸಿಗೆ ಹೋಗಬೇಕು; ಎಷ್ಟೇ ದೂರವಾದರೂ ಪ್ರೆಸ್ಸಿನಲ್ಲಿ ನಿಂತು, ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಪರವಾನಗಿ ಸಂಖ್ಯೆಯ ಅಂಕಿಗಳನ್ನು ಎಣಿಸಿ. "ನಾನೇ ಕಳಿಸ್ತೀನಿ, ನೀವ್ಯಾಕೆ ಓಡಾಡ್ತೀರ" ಎನ್ನುವವರಿಗೆ ಕೆಲಸವನ್ನೇ ಕೊಡಬೇಡಿ.

ಈಗ ಮಂಡ್ಯದಲ್ಲಿಯೇ ಡಿಟಿಪಿ ಮಾಡುವವರೊಬ್ಬರ ಪಕ್ಕದಲ್ಲಿ ಕುಳಿತು ಮೊದಲಿನಿಂದ ಮಾಡಿಸುತ್ತಿದ್ದೇನೆ. ಹಳೆಯ ಲೇಬಲ್ ಅಂಟಿಸಿದ ಪೊಟ್ಟಣಗಳನ್ನೆಲ್ಲ ಬಿಚ್ಚಿಸಿ, ಬೆಲ್ಲವನ್ನು ಹೆಸರಿಲ್ಲದೆ ಮಂಡಿಗೆ ಹಾಕಬೇಕಾಯಿತು. ಡಿಸೈನರ್‌ಗೆ ಹಣ ವಾಪಸ್ ಕೇಳಿ ಬರೆದ ಸಂದೇಶಕ್ಕೆ, ಅದನ್ನು ಓದಿದ ಗುರುತಾಗಿ ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.