ಚಿಮಣಿ ಕೊಳವೆಗೆ ಹೊದಿಕೆ ಸುತ್ತುವುದಾ, ಪುಡಿ ತುಂಬುವುದಾ?

ಮಂಡ್ಯದ ನಮ್ಮ ಹಳೇ ಮನೆಯಲ್ಲಿ ಬಚ್ಚಲೊಲೆಯ ಇಟ್ಟಿಗೆ ಚಿಮಣಿಯೊಳಗೆ ಸ್ಟೀಲ್ ಕೊಳವೆ ಇಳಿಸಿದ್ದೆವು. ಆದರೂ ಅದರ ಬುಡದಲ್ಲಿ ಜೋನಿ ಬೆಲ್ಲದ ಹಾಗೆ ಕಪ್ಪು ಅಂಟು ಇಳಿಯುತ್ತಿತ್ತು. ಕೊಳವೆ ತಣ್ಣಗಿದ್ದರೆ ಹೊಗೆ ಸರಿಯಾಗಿ ಮೇಲೇರುವುದಿಲ್ಲ, ಒಳಗೋಡೆಗೆ ಅಂಟಿ ಡಾಂಬರಿನಂತಾಗುತ್ತದೆ. ಹಸಿ ತೆಂಗಿನ ಮಟ್ಟೆ ಉರಿಸಿದರಂತೂ ಇನ್ನೂ ಜಾಸ್ತಿ. ಆ ಅಂಟಿಗೆ ಬೆಂಕಿ ಹತ್ತಿದರೆ ಶಾಖ 1000 ಡಿಗ್ರಿ ದಾಟಬಹುದು. ಅದಕ್ಕೇ ಕೊಳವೆಯನ್ನು ಬೆಚ್ಚಗಿಡಬೇಕು.

ಶಾಖ ತಡೆಯುವ ಸೆರಾಮಿಕ್ ಉಣ್ಣೆಯ (ಪಿಂಗಾಣಿಯಂಥ ವಸ್ತುವಿನ ಎಳೆಗಳ) ಹೊದಿಕೆ 1260 ಡಿಗ್ರಿ ಗ್ರೇಡಿನದು ಸಿಗುತ್ತದೆ. 25 ಮಿಲಿಮೀಟರ್ ದಪ್ಪದ್ದನ್ನು ಸುತ್ತಿ, ಮೇಲೆ ಸ್ಟೀಲ್ ಜಾಲರಿ ಬಿಗಿದು ಇಳಿಸಬೇಕು. ಮುಂದೆ ಕೊಳವೆ ಬದಲಿಸಬೇಕಾದರೆ ಎಳೆದು ತೆಗೆಯಬಹುದು. ಆದರೆ ಸುತ್ತಲೂ ಎರಡು ಬೆರಳಗಲ ಜಾಗ ಬೇಕು. ಈ ಉಣ್ಣೆಯ ಎಳೆ ಮೈಗೆ ತಾಗಿದರೆ ತುರಿಕೆ. ಮಾಸ್ಕ್, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ವರ್ಮಿಕ್ಯುಲೈಟ್ ಅನ್ನುವ, ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಪುಡಿಗೆ ಸ್ವಲ್ಪ ಸಿಮೆಂಟ್ ಕಲಸಿ ಸುತ್ತಲಿನ ಸಂದಿಗೆ ಸುರಿಯುವುದು ಇನ್ನೊಂದು ದಾರಿ. ಹಳೇ ಬಿರುಕುಬಿಟ್ಟ ಚಿಮಣಿಗೆ ಇದೇ ವಾಸಿ, ಗೋಡೆಗೂ ಬಲ ಬರುತ್ತದೆ. ಆದರೆ ಒಮ್ಮೆ ಗಟ್ಟಿಯಾದರೆ ಕೊಳವೆ ಸುಲಭಕ್ಕೆ ಹೊರಬರುವುದಿಲ್ಲ. ಮಳೆನೀರು ಕುಡಿದರೆ ಶಾಖ ಹಿಡಿದಿಡುವ ಗುಣವೂ ಹೋಗುತ್ತದೆ, ತುದಿಗೆ ಟೋಪಿ ಬೇಕೇ ಬೇಕು.

ಚಿಮಣಿ ನೇರವಾಗಿದ್ದು ಜಾಗವಿದ್ದರೆ ನಾನು ಹೊದಿಕೆಯನ್ನೇ ಆರಿಸುತ್ತೇನೆ. ಅಗ್ಗ ಅಂತ ಸುಮ್ನೆ ಗ್ಲಾಸ್ ವೂಲ್ (ಗಾಜಿನ ಎಳೆಯ ಹೊದಿಕೆ) ಮಾತ್ರ ಸುತ್ತಬೇಡಿ, ಚಿಮಣಿಗೆ ಬೆಂಕಿ ಹತ್ತಿದರೆ ಅದು ಕರಗಿಹೋಗುತ್ತದೆ.