ಹಿಂತೆಗೆದಿದ್ದೇನೆ ಎಂದ ಇನ್‌ಸ್ಟಾಲರ್, ಉಳಿದುಹೋದ ಇಪ್ಪತ್ಮೂರು ಟೇಬಲ್‌ಗಳು

ಶಿರಸಿಯ ನಮ್ಮ ಅಡಿಕೆ ದಲಾಲಿ ಅಂಗಡಿಯಲ್ಲಿ ಮೂರು ವರ್ಷಗಳಿಂದ ಬಳಸುತ್ತಿರುವ ಲೆಕ್ಕಪತ್ರ ತಂತ್ರಾಂಶದ ಹೊಸ ಆವೃತ್ತಿಯನ್ನು ಈ ಮಳೆಗಾಲದಲ್ಲಿ ಹಾಕಿಸಿದೆವು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಮಾಲನ್ನು ಬೇರೆಬೇರೆಯಾಗಿ ಬರೆದುಕೊಳ್ಳುವುದರಲ್ಲಿಯೂ, ಬೆಳೆಗಾರರು ಪಡೆದ ಮುಂಗಡವನ್ನು ಪಟ್ಟಿಯಲ್ಲಿ ಮುರಿದುಕೊಳ್ಳುವುದರಲ್ಲಿಯೂ ಅದು ಚೊಕ್ಕವಾಗಿದೆ. ಆ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಇರುವುದು ಅದರ ಇನ್‌ಸ್ಟಾಲರ್ ಮೇಲೆ, ಅಂದರೆ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಡುವ ಪ್ರೋಗ್ರಾಂ ಮೇಲೆ.

ಮೊದಲ ಪ್ರಯತ್ನದಲ್ಲಿ ಫೈಲುಗಳೆಲ್ಲ ಸರಾಗವಾಗಿ ಕೂತವು. ಡೇಟಾಬೇಸ್ ಸಿದ್ಧಪಡಿಸುವ ಹಂತದಲ್ಲಿ ಹಸಿರು ಪಟ್ಟಿ ಮುಕ್ಕಾಲು ಭಾಗಕ್ಕೆ ಬಂದು ನಿಂತು, ಸ್ಥಾಪನೆ ವಿಫಲವಾಗಿದೆ, ಎಲ್ಲ ಬದಲಾವಣೆಗಳನ್ನೂ ಹಿಂತೆಗೆಯಲಾಗಿದೆ ಎಂಬ ಸಂದೇಶ ಬಂತು. ಡೆಸ್ಕ್‌ಟಾಪಿನ ಐಕಾನ್ ಮಾಯವಾಗಿತ್ತು, ಫೋಲ್ಡರೂ ಇರಲಿಲ್ಲ, ನಾನೂ ನಂಬಿದೆ. ಎರಡನೆಯ ಸಲ ಹಾಕಲು ಹೋದಾಗ ಈ ಟೇಬಲ್ (ಮಾಹಿತಿ ತುಂಬಿಡುವ ಕೋಷ್ಟಕ) ಮೊದಲೇ ಇದೆ ಎಂದು ದೋಷ ಸಂಖ್ಯೆ 1050 ತೋರಿಸಿತು. ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶದ ಒಳಗೆ ಹೋಗಿ ನೋಡಿದರೆ ಹೊಸ ಡೇಟಾಬೇಸೂ ಅದರಲ್ಲಿ ಇಪ್ಪತ್ಮೂರು ಟೇಬಲ್‌ಗಳೂ ಹಾಗೆಯೇ ಉಳಿದಿದ್ದವು. ಕೆಲಸ ಕೆಟ್ಟದ್ದು ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ನಡೆಯುವ ಆದೇಶ) ರಚಿಸುವಲ್ಲಿ: ಮೈಎಸ್‌ಕ್ಯೂಎಲ್ 8.0ರಲ್ಲಿ ಬೈನರಿ ಲಾಗ್ (ಬದಲಾವಣೆಗಳನ್ನು ಬರೆದಿಡುವ ದಾಖಲೆ) ತಾನಾಗಿಯೇ ಚಾಲೂ ಇರುತ್ತದೆ, ಆಗ ವಿಶೇಷ ಅಧಿಕಾರವಿಲ್ಲದ ಬಳಕೆದಾರ ಟ್ರಿಗರ್ ರಚಿಸಲು ಹೊರಟರೆ ದೋಷ 1419 ಬರುತ್ತದೆ.

ವಿಂಡೋಸ್ ಇನ್‌ಸ್ಟಾಲರ್ ತಾನು ಇಟ್ಟ ಫೈಲನ್ನೂ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ನಮೂದನ್ನೂ ತಾನೇ ಹಿಂತೆಗೆಯಬಲ್ಲದು, ಆದರೆ ಡೇಟಾಬೇಸಿನಲ್ಲಿ ನಡೆಸಿದ ಕೆಲಸ ಅದರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದನ್ನು ಹಿಂತೆಗೆಯುವ ಕ್ರಮವನ್ನು ತಂತ್ರಾಂಶ ತಯಾರಿಸಿದವರೇ ಬರೆದಿರಬೇಕಾಗುತ್ತದೆ. ಇಲ್ಲಿ ಬರೆದವರು ಕೊನೆಯಲ್ಲಿ ರೋಲ್‌ಬ್ಯಾಕ್ (ಹಿಂತೆಗೆ) ಎಂಬ ಒಂದು ಆದೇಶ ಕೊಟ್ಟು ಕೈತೊಳೆದುಕೊಂಡಿದ್ದರು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ರಚಿಸುವ ಪ್ರತಿ ಆದೇಶವೂ ಅಲ್ಲಿಗೇ ಕಮಿಟ್ (ಖಾಯಂ) ಆಗಿಬಿಡುವುದರಿಂದ ಆಮೇಲೆ ಹಿಂತೆಗೆಯಲು ಏನೂ ಉಳಿದಿರುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶ ಆಗಿದ್ದರೆ ಟೇಬಲ್‌ಗಳನ್ನೆಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಆದೇಶಗಳ ಗುಂಪಿನಲ್ಲಿ) ರಚಿಸಿ ಒಟ್ಟಿಗೆ ರದ್ದುಪಡಿಸಬಹುದಿತ್ತು. ಡೇಟಾಬೇಸನ್ನೇ ಹೊಸದಾಗಿ ರಚಿಸುವ ಆದೇಶಕ್ಕೆ ಮಾತ್ರ ಅಲ್ಲಿಯೂ ಆ ಸೌಕರ್ಯವಿಲ್ಲ.

ಇದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಸಹಾಯವಾಣಿಯ ಉತ್ತರ. "ಆ ಡೇಟಾಬೇಸ್ ಡಿಲೀಟ್ ಮಾಡಿ ಸರ್, ಮತ್ತೆ ಇನ್‌ಸ್ಟಾಲ್ ಮಾಡಿ" ಎಂದು ಆ ಹುಡುಗ ಸಲೀಸಾಗಿ ಹೇಳಿದ. ಅದೇ ಸರ್ವರಿನಲ್ಲಿ ಹಿಂದಿನ ವರ್ಷಗಳ ಲೆಕ್ಕವೂ ಇದೆ, ಹೆಸರಿನ ಕೊನೆಯ ಎರಡು ಅಂಕಿ ಮಾತ್ರ ಬೇರೆ. ಕೈತಪ್ಪಿ ಅದನ್ನು ಅಳಿಸಿದ್ದರೆ ನೂರಾರು ಬೆಳೆಗಾರರ ಬಾಕಿಗೆ ನಾನು ಯಾವ ಮುಖದಿಂದ ಉತ್ತರ ಹೇಳಬೇಕಿತ್ತು? ಮೊದಲು ಎಲ್ಲದರ ಡಂಪ್ (ಪೂರ್ತಿ ನಕಲು) ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡು, ಹೆಸರನ್ನು ಎರಡು ಸಲ ಓದಿ, ಆಮೇಲೆ ಅಳಿಸಿದೆ.

ದೂರು ಕೊಟ್ಟ ಎರಡು ವಾರಗಳಲ್ಲಿ ತಿದ್ದಿದ ಇನ್‌ಸ್ಟಾಲರ್ ಕಳಿಸಿದರೆಂಬುದನ್ನು ಮೆಚ್ಚಲೇಬೇಕು. ಈಗ ಅದು ಬಳಕೆದಾರನ ಅಧಿಕಾರಗಳನ್ನು ಮೊದಲೇ ಪರೀಕ್ಷಿಸುತ್ತದೆ, ತಾನು ರಚಿಸಿದ್ದನ್ನೆಲ್ಲ ಒಂದೊಂದಾಗಿ ಬರೆದಿಟ್ಟುಕೊಳ್ಳುತ್ತದೆ, ಕೆಲಸ ಕೆಟ್ಟರೆ ಅಷ್ಟನ್ನೇ ಅಳಿಸುತ್ತದೆ. ಮೊದಲಿನಿಂದ ಇದ್ದ ಡೇಟಾಬೇಸನ್ನು ಮುಟ್ಟುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಬೇಕೆಂದೇ ನಡುವೆ ಮೈಎಸ್‌ಕ್ಯೂಎಲ್ ಸರ್ವೀಸ್ ನಿಲ್ಲಿಸಿ ನೋಡಿದೆ. ಅಳಿಸಲು ಸರ್ವರೇ ಸಿಗದಿದ್ದಾಗ ಅದು ಸುಳ್ಳು ಹೇಳಲಿಲ್ಲ, ಒಂಬತ್ತು ಟೇಬಲ್‌ಗಳು ಉಳಿದಿವೆ ಎಂದು ತಿಳಿಸಿತು. ಮರುದಿನ ತೆರೆದಾಗ ಅವನ್ನು ತೆಗೆಯಲೇ ಎಂದು ತಾನಾಗಿ ಕೇಳಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದೇಕೆಂದರೆ, ತಾನು ರಚಿಸಿದ್ದನ್ನು ಇನ್‌ಸ್ಟಾಲರ್ ಬರೆದಿಡುವ ಆ ಟಿಪ್ಪಣಿಯನ್ನು ಈಗಲೂ ಪ್ರೋಗ್ರಾಂಡೇಟಾ ಎಂಬ ಅಡಗಿದ ಫೋಲ್ಡರಿನಲ್ಲಿ ಇಡುತ್ತಾರೆ, ಅದೂ ಇಂಗ್ಲಿಷಿನಲ್ಲಿ ಮಾತ್ರ.